ಕೆಲಸ ಕೊಟ್ಟಿರಿ, ಇನ್ನು ಉಳಿಸಿಕೊಳ್ಳಿ: ಬೆಳಗಾವಿಯ ಕಾರ್ಖಾನೆ ಮಾಲೀಕರಿಗೆ ಬಹಿರಂಗ ಪತ್ರ

ಉದ್ಯಮಬಾಗ, ಮಚ್ಛೆ, ಹೊನಗಾ, ಕಾಕತಿ ಕಡೆಯ ಕಾರ್ಖಾನೆಗಳ ಮಾಲೀಕರಿಗೆ, ಮ್ಯಾನೇಜರರಿಗೆ, ಎಚ್‌ಆರ್ ವಿಭಾಗದವರಿಗೆ,

ನಮಸ್ಕಾರ.

ಕೆಲಸಕ್ಕೆ ಮಂದಿ ಸಿಗುವುದಿಲ್ಲ ಎನ್ನುವುದು ನಿಮ್ಮ ಕಾಯಂ ದೂರು. ಫೌಂಡ್ರಿಯಲ್ಲಿ ಅಚ್ಚು ಮಾಡುವ ಮೋಲ್ಡಿಂಗ್‌ಗೆ, ಎರಕದ ಅಂಚು ಸವರುವ ಫೆಟ್ಲಿಂಗ್‌ಗೆ ಬಿಹಾರ, ಒಡಿಶಾ, ಉತ್ತರ ಪ್ರದೇಶದಿಂದ ಹುಡುಗರನ್ನು ಕರೆಸುತ್ತೀರಿ. ಹೋಳಿ ಹಬ್ಬಕ್ಕೆ ಊರಿಗೆ ಹೋದವರು ಹೊಳ್ಳಿ ಬರುವವರೆಗೆ ಅರ್ಧ ಲೈನ್ ನಿಂತಿರುತ್ತದೆ. ಅದೇ ಹೊತ್ತಿಗೆ ಸವದತ್ತಿ, ರಾಮದುರ್ಗ, ಖಾನಾಪುರ, ಬೈಲಹೊಂಗಲದ ಹಳ್ಳಿಗಳಲ್ಲಿ ಐಟಿಐ ಮುಗಿಸಿದ, ಡಿಪ್ಲೊಮಾ ಮಾಡಿದ, ಬಿಕಾಂ ಓದಿದ ಅಂಗವಿಕಲ ಹುಡುಗ ಹುಡುಗಿಯರು ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಇಟ್ಟುಕೊಂಡು ಮನೆಯಲ್ಲಿ ಕೂತಿದ್ದಾರೆ. ಈ ಎರಡು ಸುದ್ದಿಗಳನ್ನು ಯಾರೂ ಜೋಡಿಸಿ ಓದುವುದಿಲ್ಲ.

ನಾನು ಈ ಭಾಗದ ಒಂದು ಮಷಿನ್ ಶಾಪಿನಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡುವವನು. ಎಡಗಾಲಿಗೆ ಪೋಲಿಯೊ, ಅದಕ್ಕೆ ಆಸರೆಯ ಪಟ್ಟಿ, ಅಂದರೆ ಕ್ಯಾಲಿಪರ್. ಕಾಲಲ್ಲೊಂದು ಕ್ಯಾಲಿಪರ್, ಕೈಯಲ್ಲೊಂದು ಅಳತೆಯ ವರ್ನಿಯರ್ ಕ್ಯಾಲಿಪರ್ ಎಂದು ನಮ್ಮ ಶಾಪಿನವರು ಚಾಷ್ಟಿ ಮಾಡುತ್ತಾರೆ, ನಾನೂ ನಗುತ್ತೇನೆ. ಇಲ್ಲಿಗೆ ಬರುವ ಮೊದಲು ಬೇರೆ ಕಡೆಗಳಲ್ಲಿ ದುಡಿದಿದ್ದೇನೆ. ಯಾವುದರ ಹೆಸರೂ ಬರೆಯುವುದಿಲ್ಲ. ಬರೆದರೆ ಅದು ಒಬ್ಬರ ಮೇಲಿನ ದೂರಾಗುತ್ತದೆ, ಉಳಿದವರು ಆರಾಮಾಗಿ ಓದಿ ಮಡಚಿಡುತ್ತಾರೆ.

ಅಂಗವಿಕಲರಿಗೆ ಕೆಲಸ ಕೊಡಿ ಎಂಬ ವಿನಂತಿಗಳು ನಿಮ್ಮ ಟೇಬಲ್ಲಿಗೆ ಬೇಕಾದಷ್ಟು ಬಂದಿವೆ. ನಿಮ್ಮಲ್ಲಿ ಕೆಲವರು ಕೊಟ್ಟೂ ಇದ್ದೀರಿ. ನನ್ನ ಮಾತು ಅದರ ಮುಂದಿನದು. ಕೊಟ್ಟ ಕೆಲಸ ಆರೇ ತಿಂಗಳಲ್ಲಿ ಯಾಕೆ ಕಳಚಿಹೋಗುತ್ತದೆ? ನನಗೆ ಗೊತ್ತಿರುವ ಬಹಳಷ್ಟು ಮಂದಿ ಮನೆಯಲ್ಲಿ ಕೂತಿರುವುದು ಕೆಲಸ ಸಿಗದೆ ಅಲ್ಲ, ಸಿಕ್ಕ ಕೆಲಸದಲ್ಲಿ ನಿಲ್ಲಲಾಗದೆ. ಬಿಡುವಾಗ ಎಲ್ಲರೂ ಹೇಳುವ ಕಾರಣ ಒಂದೇ: ‘ಮನಿಯಾಗ ಸ್ವಲ್ಪ ತೊಂದ್ರಿ ಅದರೀ.’ ನೀವು ಅದನ್ನು ನಂಬಿ ಫೈಲಿಗೆ ಬರೆದುಕೊಳ್ಳುತ್ತೀರಿ.

ತೊಂದರೆ ಶುರುವಾಗುವುದು ಸಂದರ್ಶನದ ದಿನವೇ. ‘ಇದು ನಿಮ್ಮಿಂದ ಆಗ್ತದೇನ್ರಿ?’ ಎಂದು ಕೇಳುತ್ತೀರಿ. ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ ಎಂದು ಗೊತ್ತು. ಆದರೆ ಹೊಟ್ಟೆಪಾಡಿಗೆ ಬಂದವನ ಬಾಯಿಂದ ಇದಕ್ಕೆ ಬರುವ ಉತ್ತರ ‘ಆಗ್ತದ್ರೀ ಸಾಹೇಬ್ರ’ ಒಂದೇ. ಹಾಗೆಂದು ಒಳಗೆ ಬಂದವನು ನಾಳೆ ಸ್ಟೂಲ್ ಕೇಳುವುದು ಹೇಗೆ? ಕೇಳಿದರೆ ಸೂಪರ್‌ವೈಸರ್ ತಿರುಗಿ, ‘ಆಗ್ತದ ಅಂದಿದ್ರಲ್ಲ’ ಎನ್ನುತ್ತಾನೆ. ಹೀಗಾಗಿ ಅವನು ಕೇಳುವುದೇ ಇಲ್ಲ. ನೋವು ನುಂಗಿಕೊಂಡು ಎಷ್ಟು ದಿನ ನಡೆಯುತ್ತದೋ ಅಷ್ಟು ದಿನ ನಡೆಸಿ, ಒಂದು ದಿನ ಬರುವುದನ್ನು ನಿಲ್ಲಿಸುತ್ತಾನೆ. ‘ಈ ಕೆಲಸ ಮಾಡಲಿಕ್ಕೆ ನಿಮಗ ಇಲ್ಲಿ ಏನೇನು ಬೇಕಾಗ್ತದ?’ ಎಂದು ಕೇಳಿ ನೋಡಿ. ಎದುರಿಗೆ ಕೂತವನ ಮುಖವೇ ಬದಲಾಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುವುದೂ ಇದೇ ಧಾಟಿಯಲ್ಲಿ: ಎದುರಿನವರಿಗೆ ಅತಿ ಹೊರೆಯಾಗದಂತೆ, ಆ ವ್ಯಕ್ತಿಗೆ ಬೇಕಾದ ಬದಲಾವಣೆ ಮಾಡಿಕೊಡುವುದು.

ಏನೇನು ಬೇಕಾಗುತ್ತದೆ? ನನ್ನದೇ ಕೆಲಸ ತೆಗೆದುಕೊಳ್ಳಿ. ಪ್ಲಗ್ ಗೇಜ್ ಹಾಕುವುದು, ಮೈಕ್ರೊಮೀಟರ್ ಹಿಡಿಯುವುದು, ಡ್ರಾಯಿಂಗ್ ನೋಡಿ ಒಪ್ಪುವುದು, ತಿರಸ್ಕರಿಸುವುದು. ಕಣ್ಣು, ಬೆರಳು, ತಾಳ್ಮೆ ಇದ್ದರೆ ಸಾಕು. ಆದರೆ ನಮ್ಮ ಊರಿನ ಹೆಚ್ಚಿನ ಶಾಪುಗಳಲ್ಲಿ ಇನ್‌ಸ್ಪೆಕ್ಷನ್ ಟೇಬಲ್ ಇರುವುದು ನಿಂತವರ ಎತ್ತರಕ್ಕೆ. ಬೆನ್ನಿಗೆ ಆಸರೆ ಇರುವ ಒಂದು ಎತ್ತರದ ಸ್ಟೂಲ್ ಇಟ್ಟರೆ ಕೆಲಸ ಮುಗಿಯಿತು. ಅದರ ಬೆಲೆ ನಿಮ್ಮ ಒಂದು ಕಾರ್ಬೈಡ್ ಡ್ರಿಲ್ಲಿಗಿಂತ ಹೆಚ್ಚಿರಲಾರದು. ಹಿಂದೆ ನಾನಿದ್ದ ಒಂದು ಕಡೆ ಇದಕ್ಕೆ ಸಿಕ್ಕ ಉತ್ತರ, ‘ಇವನಿಗೆ ಸ್ಟೂಲ್ ಕೊಟ್ರ ನಾಳೆ ಎಲ್ಲಾರೂ ಕೇಳ್ತಾರ.’ ಕೇಳಲಿ. ದಿನವಿಡೀ ನಿಂತು ಪೀಸಿನ ಬೋರ್ (ಒಳರಂಧ್ರ) ಅಳೆಯುವವನಿಗೆ ಸಂಜೆ ಹೊತ್ತಿಗೆ ಕಾಲು ಹಿಡಿಯುತ್ತದೆ, ಕಣ್ಣು ಜಾರುತ್ತದೆ, ರಿಜೆಕ್ಟ್ ಆಗಬೇಕಾದ ಪೀಸು ಪುಣೆಯ ಗಿರಾಕಿಗೆ ಹೋಗಿ ಲಾಟ್ ಸಮೇತ ವಾಪಸ್ ಬರುತ್ತದೆ. ಎಲ್ಲರೂ ಕೂತು ಅಳೆದರೆ ನಿಮಗೇ ಲಾಭ.

ಇನ್ನು ಯಾರೂ ಬಾಯಿ ಬಿಟ್ಟು ಹೇಳದ ಸಂಗತಿ. ಪಾಯಖಾನೆ. ಶೆಡ್ಡಿನ ಹಿಂದೆ, ಎರಡು ಮೆಟ್ಟಿಲು ಹತ್ತಿ, ಜಾರುವ ನೆಲದ ಮೇಲೆ, ಕುಕ್ಕರಗಾಲಲ್ಲಿ ಕೂರುವಂಥದ್ದು. ಕ್ಯಾಲಿಪರ್ ಹಾಕಿದ ಕಾಲು ಮಡಚುವುದಿಲ್ಲ. ಕೃತಕ ಕಾಲಿನವರದ್ದೂ ಇದೇ ಪಾಡು. ಏನು ಮಾಡುತ್ತೇವೆ? ಮುಂಜಾನೆಯಿಂದ ನೀರು ಕುಡಿಯುವುದಿಲ್ಲ. ಏಪ್ರಿಲ್ ತಿಂಗಳ ಬಿಸಿಲಲ್ಲಿ, ಫರ್ನೆಸ್ ಪಕ್ಕದ ಶೆಡ್ಡಿನಲ್ಲಿ, ಎಂಟು ತಾಸು. ಕಿಡ್ನಿ ಸ್ಟೋನ್ ಆಗಿ ಕೆಲಸ ಬಿಟ್ಟವರನ್ನು ನಾನು ಬಲ್ಲೆ. ಹೆಣ್ಣುಮಕ್ಕಳ ಪಾಡು ಇದಕ್ಕಿಂತ ಕಷ್ಟದ್ದು. ‘ಮನಿಯಾಗ ತೊಂದ್ರಿ’ ಎಂದು ಫೈಲಿಗೆ ಹೋದ ಹಲವು ರಾಜೀನಾಮೆಗಳ ಒಳಗಿರುವ ಕಾರಣ ಒಂದು ಕಮೋಡ್, ಗೋಡೆಗೆ ಒಂದು ಕಬ್ಬಿಣದ ಹಿಡಿಕೆ. ಹಿಡಿಕೆಯನ್ನಂತೂ ನಿಮ್ಮ ವೆಲ್ಡರನೇ ಊಟದ ಬಿಡುವಿನಲ್ಲಿ ಮಾಡಿ ಹಚ್ಚಬಲ್ಲ. ಇದನ್ನು ಬರೆಯಲು ನನಗೂ ಸಂಕೋಚವೇ, ಆದರೆ ಸಂಕೋಚದಿಂದಲೇ ಇಷ್ಟು ವರ್ಷ ಕಳೆದವು.

ಬಸ್ಸಿನದು ಬೇರೆ ಕತೆ. ಅಂಗವಿಕಲರಿಗೆ ಸಾರಿಗೆ ಸಂಸ್ಥೆಯ ರಿಯಾಯಿತಿ ಪಾಸಿದೆ. ವರ್ಷಕ್ಕೆ ₹660 ಕಟ್ಟಿದರೆ ಮನೆಯಿಂದ 100 ಕಿಲೊಮೀಟರ್ ಒಳಗೆ ಓಡಾಡಬಹುದು. ಕಣ್ಣು ಕಾಣದವರಿಗೆ ಉಚಿತ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆಯೇ ಇಲ್ಲ. ಒಳ್ಳೆಯ ವ್ಯವಸ್ಥೆ, ಅದಕ್ಕೆ ಋಣಿ. ಆದರೆ ಪಾಸು ಬಸ್ಸಿನ ಮೊದಲ ಮೆಟ್ಟಿಲನ್ನು ತಗ್ಗಿಸುವುದಿಲ್ಲ. ಸೆಕೆಂಡ್ ಶಿಫ್ಟ್ ಬಿಟ್ಟ ಮೇಲೆ ಖಾನಾಪುರ ರಸ್ತೆಯಲ್ಲಿ ಬಸ್ಸು ತರುವುದೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರಿನ ಮಳೆ ನಿಮಗೆ ಗೊತ್ತೇ ಇದೆ. ಮುಖ್ಯ ರಸ್ತೆಯಿಂದ ಒಳಗಿನ ಪ್ಲಾಟಿನವರೆಗೆ ಕೆಂಪು ರಾಡಿ, ಮಡುವಿನ ನೀರು, ಎದುರಿಗೆ ಬರುವ ಲಾರಿ. ಬಡಿಗೆ ಊರಿದ ಕಡೆ ತೆಗ್ಗಿದೆಯೋ ಇಲ್ಲವೋ ತಿಳಿಯದು. ಇದಕ್ಕೆ ಕೋಟಿ ರೂಪಾಯಿಯ ಪರಿಹಾರ ನಾನು ಕೇಳುತ್ತಿಲ್ಲ. ನಮ್ಮವರನ್ನು ಜನರಲ್ ಶಿಫ್ಟಿನಲ್ಲೇ ಇಡಿ. ಮಳೆಗಾಲದಲ್ಲಿ ಬಯೊಮೆಟ್ರಿಕ್ ಮುಂದೆ ಅರ್ಧ ತಾಸು ಸಡಿಲ ಬಿಡಿ, ಆ ಅರ್ಧ ತಾಸನ್ನು ಸಂಜೆ ದುಡಿದು ಕೊಡುತ್ತೇವೆ. ಕ್ಯಾಲಿಪರಿನ ಕೀಲು ಮುರಿದರೆ ಸರಿಯಾಗುವವರೆಗೆ ನಡೆಯಲಾಗುವುದಿಲ್ಲ. ಆ ದಿನಗಳನ್ನು ಹೇಳದೆ ಕೇಳದೆ ಸೂಟಿ ಹೊಡೆದ ಲೆಕ್ಕಕ್ಕೆ ಹಾಕಬೇಡಿ.

‘ಅಪಘಾತ ಆದ್ರ ಯಾರು ಹೊಣಿ?’ ಎಂದು ಕೇಳುತ್ತೀರಿ. ಇದು ನ್ಯಾಯವಾದ ಪ್ರಶ್ನೆ, ಇದಕ್ಕೆ ಹಾರಿಕೆಯ ಉತ್ತರ ಕೊಡಬಾರದು. ಕಾದ ಕಬ್ಬಿಣ ಹೊಯ್ಯುವ ಕಡೆ ನನ್ನನ್ನು ನಿಲ್ಲಿಸಿದರೆ ನಾನೇ ಬೇಡ ಎನ್ನುತ್ತೇನೆ. ಅಲ್ಲಿ ಕಾಲು ಚುರುಕಿರಬೇಕು. ಕ್ರೇನ್ ಓಡಾಡುವ ಅಂಕಣವೂ ಬೇಡ. ಆದರೆ ಸ್ಟೋರ್ಸ್, ಟೂಲ್ ಕ್ರಿಬ್ (ಉಪಕರಣಗಳ ಕೋಣೆ), ಸಿಎನ್‌ಸಿ ಪ್ರೋಗ್ರಾಮಿಂಗ್, ಕ್ಯಾಡ್ ಡ್ರಾಯಿಂಗ್, ಡಿಸ್ಪ್ಯಾಚಿನ ಚಲನ್, ಇ-ವೇ ಬಿಲ್, ಮಸ್ಟರು (ಹಾಜರಿ ಪುಸ್ತಕ), ಪಗಾರದ ಲೆಕ್ಕ, ಸಣ್ಣ ಕೋರ್ ಜೋಡಣೆ ಎಲ್ಲವೂ ಇವೆಯಲ್ಲ. ಕಿವಿ ಕೇಳಿಸದವರ ಬಗ್ಗೆ ನಿಮಗಿರುವ ಅಂಜಿಕೆಯಂತೂ ನನಗೆ ಸೋಜಿಗ. ಪ್ರೆಸ್ ಶಾಪಿನಲ್ಲಿ ಯಾರ ಮಾತು ಯಾರಿಗೆ ಕೇಳಿಸುತ್ತದೆ? ಕೇಳಿಸುವವರೂ ಅಲ್ಲಿ ಕೈಸನ್ನೆಯಲ್ಲೇ ಮಾತಾಡುತ್ತಾರೆ, ಕನ್ನಡದವನು ಮರಾಠಿಯವನಿಗೆ, ಮರಾಠಿಯವನು ಬಿಹಾರದವನಿಗೆ. ಆ ಶಾಪಿನಲ್ಲಿ ಕಿವುಡ ಹುಡುಗ ಎಲ್ಲರಿಗಿಂತ ಸಲೀಸು. ಅವನಿಗೆ ಬೇಕಾದದ್ದು ಸೈರನ್ ಜೊತೆಗೆ ಒಂದು ಕೆಂಪು ದೀಪ, ಫೋರ್ಕ್‌ಲಿಫ್ಟಿಗೆ ಬಣ್ಣ ಬಳಿದ ಬೇರೆ ದಾರಿ. ಕಿವಿಗೆ ಪ್ಲಗ್ ಹಾಕಿಕೊಂಡ ಉಳಿದವರ ಜೀವವನ್ನೂ ಅದೇ ದೀಪ ಉಳಿಸುತ್ತದೆ. ಕಣ್ಣು ಕಾಣದವರಿಗೆ ಆಫೀಸಿನ ಕೆಲಸ ಕೊಡುವುದಾದರೆ ಕಂಪ್ಯೂಟರಿಗೆ ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಹಾಕಿ. ಅದು ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಒಂದೇ ಷರತ್ತು, ಸುತ್ತೋಲೆಗಳನ್ನು ಹಳೆಯ ನುಡಿ ಫಾಂಟಿನಲ್ಲಿ ಹೊಡೆದು ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕದೆ ಯೂನಿಕೋಡ್‌ನಲ್ಲಿ ಕಳಿಸಿ.

ಪಗಾರದ ಮಾತಿಗೆ ಬರೋಣ. ‘ಅರ್ಧ ಮನುಷ್ಯಾ, ಅರ್ಧ ಪಗಾರ’ ಎಂದು ಯಾರೂ ಎದುರಿಗೆ ಹೇಳುವುದಿಲ್ಲ, ಕವರಿನಲ್ಲಿ ಹೇಳುತ್ತಾರೆ. 1948ರ ಕನಿಷ್ಠ ವೇತನ ಕಾಯ್ದೆಯ 26ನೇ ಕಲಮಿನಲ್ಲಿ ಅಂಗವಿಕಲ ನೌಕರರನ್ನು ಕನಿಷ್ಠ ವೇತನದಿಂದ ಹೊರಗಿಡುವ ಅವಕಾಶವೇ ಇತ್ತು ಎಂದರೆ ನಂಬುತ್ತೀರಾ? ಆ ಅಧಿಕಾರ ಇದ್ದದ್ದು ಸರ್ಕಾರಕ್ಕೆ, ಯಾವ ಮಾಲೀಕನಿಗೂ ಅಲ್ಲ. ಆದರೆ ಆ ಕಲಮು ಬರೆದ ಬುದ್ಧಿ ನಮ್ಮ ಶೆಡ್ಡುಗಳಲ್ಲಿ ಈಗಲೂ ಓಡಾಡಿಕೊಂಡಿದೆ. ನಾನು ಮಾಡುವ ಪೀಸು ಕಡಿಮೆಯಿದ್ದರೆ ಕಡಿಮೆ ಕೊಡಿ, ಎಲ್ಲರಿಗೂ ಹಚ್ಚುವ ಅಳತೆಯನ್ನೇ ನನಗೂ ಹಚ್ಚಿ. ಅಳೆಯದೆಯೇ ಕಡಿತ ಮಾಡಬೇಡಿ.

ಪಗಾರದ ಹಿಂದೆ ಒಂದು ಗಂಟಿದೆ, ಅದು ನಿಮಗೆ ಕಾಣುವುದಿಲ್ಲ. ನಮಗೆ ಸರ್ಕಾರದ ಮಾಸಾಶನ ಬರುತ್ತದೆ. ವೈಕಲ್ಯದ ಪ್ರಮಾಣ ಶೇ 40ರ ಮೇಲಿದ್ದರೆ ತಿಂಗಳಿಗೆ ₹800, ಶೇ 75 ದಾಟಿದರೆ ₹1,400. ಪಡೆಯಬೇಕಾದರೆ ವಾರ್ಷಿಕ ಆದಾಯ ₹32,000 ಮೀರಬಾರದು, ಅಂದರೆ ತಿಂಗಳಿಗೆ ಸುಮಾರು ₹2,700ರ ಒಳಗಿರಬೇಕು. ನಿಮ್ಮಲ್ಲಿ ಹೆಸರು ಹಚ್ಚಿ, ಪಿಎಫ್ ಕಟ್ಟಿಸಿ ದುಡಿದರೆ ಮಾಸಾಶನ ಹೋಯಿತು. ಹೋಗಲಿ ಎನ್ನಬಹುದು, ಪಗಾರ ಅದಕ್ಕಿಂತ ದೊಡ್ಡದಲ್ಲವೆ? ಆದರೆ ಕೆಲಸ ನಾಲ್ಕು ತಿಂಗಳಿಗೆ ಕೈಬಿಟ್ಟರೆ ಮಾಸಾಶನ ಮತ್ತೆ ಶುರುವಾಗಲು ನಾಡ ಕಚೇರಿ, ಆದಾಯ ಪ್ರಮಾಣಪತ್ರ, ಅರ್ಜಿ, ಕಾಯುವಿಕೆ. ಅದಕ್ಕೇ ಮನೆಯಲ್ಲಿ ಅವ್ವ ಹೇಳುತ್ತಾಳೆ: ‘ಹೆಸರು ಗಿಸರು ಹಚ್ಚಬ್ಯಾಡಪಾ, ಕೈಯಾಗ ರೊಕ್ಕ ಕೊಟ್ರ ಸಾಕು.’ ಗುತ್ತಿಗೆದಾರನಿಗೂ ಅದೇ ಬೇಕು. ಇಬ್ಬರೂ ಒಪ್ಪಿದ ಮೇಲೆ ನಮ್ಮ ದುಡಿಮೆಗೆ ಕಾಗದವೇ ಇರುವುದಿಲ್ಲ. ಕೆಲಸದಿಂದ ತೆಗೆಯುವ ಪ್ರಶ್ನೆಯೂ ಬರುವುದಿಲ್ಲ, ಗುತ್ತಿಗೆ ಹೊಸದಾಗಿ ಬರೆಯುವಾಗ ಒಂದು ಹೆಸರು ಬಿಟ್ಟರೆ ಸಾಕು. ಕಂಪನಿಯ ಮಸ್ಟರಿನಲ್ಲಿ ಹೆಸರು, ಕೈಯಲ್ಲಿ ಒಂದು ನೇಮಕದ ಪತ್ರ, ಇಷ್ಟಿದ್ದರೆ ಆ ಅವ್ವನ ಮಾತು ಬದಲಾಗುತ್ತದೆ. ಇಎಸ್‌ಐಗೆ (ನೌಕರರ ವಿಮೆಗೆ) ಬೇರೆಯವರ ವೇತನ ಮಿತಿ ₹21,000 ಇದ್ದರೆ ಅಂಗವಿಕಲರಿಗೆ ₹25,000 ಇಟ್ಟಿದ್ದಾರೆ. ಆದರೆ ಹೆಸರೇ ಇಲ್ಲದವನಿಗೆ ಯಾವ ಮಿತಿಯಿಂದ ಏನು ಬಂತು?

ನಮ್ಮ ಹುಡುಗರು ಧಾರವಾಡದಲ್ಲಿ ರೂಮು ಮಾಡಿಕೊಂಡು ವರ್ಷಗಟ್ಟಲೆ ಕೋಚಿಂಗ್ ಕ್ಲಾಸಿಗೆ ಹೋಗುವುದನ್ನು ಕಂಡು ನೀವು ಬೇಸರಪಡುತ್ತೀರಿ, ಎಲ್ಲರಿಗೂ ಸರ್ಕಾರಿ ನೌಕರಿಯೇ ಬೇಕು ಎಂದು. ಯಾಕೆ ಬೇಕು ನೋಡಿ. ಕೇಂದ್ರದ ಅದೇ 2016ರ ಕಾಯ್ದೆಯಲ್ಲಿ ಕನಿಷ್ಠ ಶೇ 4 ಮೀಸಲಾತಿ ಇದೆ, ಅದೊಂದು. ಅದಕ್ಕಿಂತ ದೊಡ್ಡದು ಆ ಕಾಯ್ದೆಯ 20ನೇ ಕಲಮು. ಸರ್ಕಾರಿ ನೌಕರ ಸೇವೆಯಲ್ಲಿದ್ದಾಗ ಅಂಗವಿಕಲನಾದರೆ ಅವನನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಮೊದಲಿನ ಕೆಲಸ ಆಗದಿದ್ದರೆ ಅದೇ ಪಗಾರದ ಬೇರೆ ಹುದ್ದೆ, ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ. ಹಾಗೆಂದು ಸರ್ಕಾರ ಪೂರ್ತಿ ಸಾಚಾ ಅಲ್ಲ. ಹಳ್ಳಿ ಹಳ್ಳಿಯಲ್ಲಿ ನಮ್ಮ ಅರ್ಜಿ ತುಂಬಿಸಿಕೊಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ತಾವೂ ಅಂಗವಿಕಲರೇ. ವರ್ಷಗಟ್ಟಲೆ ದುಡಿದರೂ ಅವರದು ಗೌರವಧನ, ಪಗಾರವಲ್ಲ. ಅದು ಸುವರ್ಣ ವಿಧಾನಸೌಧಕ್ಕೆ ಬರೆಯಬೇಕಾದ ಬೇರೆ ಪತ್ರ.

ಆ 20ನೇ ಕಲಮು ನಿಮ್ಮ ಗೇಟಿನ ಹೊರಗೇ ನಿಲ್ಲುತ್ತದೆ. ಆದ್ದರಿಂದ ಎಲ್ಲಕ್ಕಿಂತ ಭಾರವಾದ ಮಾತನ್ನು ಈಗ ಹೇಳುತ್ತೇನೆ. ಪೋಲಿಯೊ ಪೀಳಿಗೆ ನಮ್ಮೊಂದಿಗೆ ಮುಗಿಯುತ್ತದೆ. 2014ರಲ್ಲಿ ಭಾರತಕ್ಕೆ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು, ನಾವು ಇನ್ನೊಂದು ಇಪ್ಪತ್ತು ವರ್ಷಕ್ಕೆ ನಿವೃತ್ತರಾಗುತ್ತೇವೆ. ಮುಂದಿನ ಅಂಗವಿಕಲರು ಬರುವುದು ರಸ್ತೆಯ ಮೇಲಿನ ಬೈಕುಗಳಿಂದ ಮತ್ತು ನಿಮ್ಮ ಪವರ್ ಪ್ರೆಸ್ಸುಗಳಿಂದ. ಉತ್ಪಾದನೆ ಬೇಗ ಆಗಲೆಂದು ಎರಡೂ ಕೈಯಿಂದ ಒತ್ತಿದರೆ ಮಾತ್ರ ಪ್ರೆಸ್ ಓಡಿಸುವ ಸುರಕ್ಷತೆಯ ಸ್ವಿಚ್ಚಿಗೆ ತಂತಿ ಬಿಗಿದು ಒಂದೇ ಕೈಯಲ್ಲಿ ಓಡಿಸುವುದು ಎಲ್ಲಿ ನಡೆಯುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಬೆರಳು ಹೋಗುತ್ತದೆ. ನೌಕರರ ಪರಿಹಾರದ ಕಾನೂನಿನ ಪಟ್ಟಿಯಲ್ಲಿ ಪ್ರತಿ ಬೆರಳಿಗೂ ಲೆಕ್ಕವಿದೆ: ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 30 ನಷ್ಟ, ಒಂದು ಕೈಯ ಎರಡು ಬೆರಳಿಗೆ ಶೇ 20, ನಾಲ್ಕು ಬೆರಳಿಗೆ ಶೇ 50. ಲೆಕ್ಕ ಮಾಡಿ ದುಡ್ಡು ಕೊಡುತ್ತೀರಿ, ಸರಿ. ಹೆಬ್ಬೆರಳಿನವನಿಗೆ ಪಟ್ಟಿಯ ಪ್ರಕಾರವೇ ಶೇ 70 ಶಕ್ತಿ ಉಳಿದಿದೆಯಲ್ಲ, ಆ ಎಪ್ಪತ್ತಕ್ಕೆ ಕೆಲಸ ಎಲ್ಲಿ? ಪರಿಹಾರದ ಚೆಕ್ಕು ಕೈಗೆ ಬಂದ ದಿನವೇ ಅವನ ಗೇಟ್ ಪಾಸು ಹೋಗಿರುತ್ತದೆ. ಆಸ್ಪತ್ರೆಯ ಪ್ರಮಾಣಪತ್ರದಲ್ಲಿ ಶೇ 40 ಮುಟ್ಟದಿದ್ದರೆ ಮಾಸಾಶನವೂ ಇಲ್ಲ, ಮೀಸಲಾತಿಯೂ ಇಲ್ಲ. ಹತ್ತು ವರ್ಷ ನಿಮ್ಮ ಪ್ರೆಸ್ ಓಡಿಸಿದವನು ಡೈಯನ್ನು (ಅಚ್ಚನ್ನು) ಸದ್ದಿನಿಂದಲೇ ಗುರುತಿಸುತ್ತಾನೆ. ಅವನನ್ನು ಡೈ ಸೆಟ್ಟಿಂಗ್ ಕಲಿಸಲು ಇಡಿ, ಟೂಲ್ ಕ್ರಿಬ್ಬಿಗೆ ಹಾಕಿ, ಸುರಕ್ಷತೆಯ ತರಬೇತಿ ಅವನಿಂದಲೇ ಕೊಡಿಸಿ. ಹೊಸ ಹುಡುಗರು ಪೋಸ್ಟರಿಗಿಂತ ಅವನ ಕೈ ನೋಡಿ ಹೆಚ್ಚು ಕಲಿಯುತ್ತಾರೆ. ಹೊರಗಿನ ಅಂಗವಿಕಲರಿಗೆ ಕೆಲಸ ಕೊಡಲು ನಿಮ್ಮಿಂದ ಆಗದಿದ್ದರೂ ಇದೊಂದನ್ನು ಮಾಡಿ. ಇದು ದಾನವಲ್ಲ, ಬಾಕಿ.

ಕಾಯ್ದೆಯ ಮಾತನ್ನು ಬೇಗ ಮುಗಿಸುತ್ತೇನೆ. 2016ರ ಕಾಯ್ದೆಯ 21ನೇ ಕಲಮಿನ ಪ್ರಕಾರ ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿ ಬರೆದು ಪ್ರಕಟಿಸಬೇಕು, ಅದರ ಪ್ರತಿಯನ್ನು ವಿಕಲಚೇತನರ ಆಯುಕ್ತರಲ್ಲಿ ನೋಂದಾಯಿಸಬೇಕು. 20 ಅಥವಾ ಹೆಚ್ಚು ಮಂದಿ ದುಡಿಯುವ ಖಾಸಗಿ ಕಂಪನಿಯಾದರೆ ಅಂಗವಿಕಲರಿಗೆ ಯಾವ ಹುದ್ದೆಗಳು ಸೂಕ್ತ, ಆಯ್ಕೆ ಹೇಗೆ, ಏನೇನು ಸೌಕರ್ಯ ಎಂಬುದು ಅದರಲ್ಲಿರಬೇಕು. ಈ ಕೆಲಸ ನೋಡಿಕೊಳ್ಳಲು ಒಬ್ಬ ಸಂಪರ್ಕ ಅಧಿಕಾರಿಯೂ ಇರಬೇಕು. ನಿಯಮ ಬಂದದ್ದು 2017ರಲ್ಲಿ. ವೆಬ್‌ಸೈಟ್ ಇಲ್ಲದಿದ್ದರೆ ಎಲ್ಲರಿಗೂ ಕಾಣುವ ಜಾಗದಲ್ಲಿ ಹಚ್ಚಿ ಎನ್ನುತ್ತದೆ ನಿಯಮ. ನಿಮ್ಮ ಗೋಡೆಗಳ ಮೇಲೆ ಐಎಸ್ಒ ಪ್ರಮಾಣಪತ್ರ, ಗಣಪತಿ, ಗುಣಮಟ್ಟದ ನೀತಿ ಎಲ್ಲ ನೋಡಿದ್ದೇನೆ. ಈ ಹಾಳೆಯನ್ನು ನಾನು ದುಡಿದ ಯಾವ ಗೋಡೆಯ ಮೇಲೂ ನೋಡಲಿಲ್ಲ. ಬರೆಯುವಾಗ ಇಂಟರ್ನೆಟ್ಟಿನಿಂದ ಇಂಗ್ಲಿಷಿನದನ್ನು ಇಳಿಸಿ ಹೆಸರು ತಿದ್ದಬೇಡಿ. ಕನ್ನಡದಲ್ಲಿ, ಮರಾಠಿಯಲ್ಲಿ, ನಮ್ಮ ಶಾಪಿನವರು ಓದುವಂತೆ ಒಂದು ಪುಟ ಸಾಕು. ಸಂಪರ್ಕ ಅಧಿಕಾರಿಯಾಗಿ ಎಸಿ ಕೋಣೆಯವರಿಗಿಂತ ಒಬ್ಬ ಹಳೆಯ ಫೋರ್‌ಮನ್ ವಾಸಿ. ಯಾವ ಮಷಿನ್ ಕೂತು ಓಡಿಸಬಹುದು, ಯಾವುದಕ್ಕೆ ಪೆಡಲ್ ಬದಲು ಕೈ ಲಿವರ್ ಹಾಕಬಹುದು ಎಂಬುದು ಅವನಿಗೇ ಗೊತ್ತು.

ಪ್ರತಿ ವರ್ಷ ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನದ ಆಸುಪಾಸಿಗೆ ಉದ್ಯೋಗ ಮೇಳಗಳು ನಡೆಯುತ್ತವೆ. ಬಯೋಡೇಟಾ ಗುಡ್ಡೆ ಬೀಳುತ್ತದೆ. ಬೆಂಗಳೂರಿನ ಕಂಪನಿಗಳು ರಾಯಬಾಗದ ಹುಡುಗಿಯನ್ನು ಪ್ಯಾಕಿಂಗಿಗೆ ಕರೆಯುತ್ತವೆ. ಆ ಪಗಾರದಲ್ಲಿ ಅಲ್ಲಿ ರೂಮು ಬಾಡಿಗೆ ಕಟ್ಟಿ ಅವಳು ಮನೆಗೆ ಏನು ಕಳಿಸಿಯಾಳು? ಅದೇ ಕೆಲಸ ಹೊನಗಾದಲ್ಲಿ ಸಿಕ್ಕಿದ್ದರೆ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಮುಂದಿನ ಮೇಳದಲ್ಲಿ ನೀವು ಟೇಬಲ್ ಹಾಕುವುದಾದರೆ ಕಳೆದ ವರ್ಷ ಎಷ್ಟು ಮಂದಿಯನ್ನು ತೆಗೆದುಕೊಂಡಿರಿ, ಅವರಲ್ಲಿ ಎಷ್ಟು ಮಂದಿ ಇಂದಿಗೂ ಮಸ್ಟರಿನಲ್ಲಿದ್ದಾರೆ ಎಂದು ಒಂದು ಬೋರ್ಡು ಬರೆದಿಡಿ. ನಮ್ಮವರು ಮೊದಲು ಆ ಬೋರ್ಡು ಓದಿ ಆಮೇಲೆ ಬಯೋಡೇಟಾ ಕೊಡುತ್ತಾರೆ.

ನಿಮ್ಮಲ್ಲಿ ಯಾರಾದರೂ ಈಗ ಹೊಸ ಶೆಡ್ ಕಟ್ಟಿಸುತ್ತಿದ್ದರೆ, ಪಾಯಖಾನೆಯ ನಕ್ಷೆ ಗೌಂಡಿಯ ಕೈಗೆ ಹೋಗುವ ಮುನ್ನ ನಮ್ಮಲ್ಲೊಬ್ಬರನ್ನು ಕರೆಯಿರಿ. ಗಾಲಿಕುರ್ಚಿ ಹೋಗಲು ಬಾಗಿಲು 90 ಸೆಂಟಿಮೀಟರ್ ಅಗಲ ಬೇಕು. ರ‍್ಯಾಂಪ್ ಒಂದು ಅಡಿ ಏರಬೇಕಾದರೆ 12 ಅಡಿ ಉದ್ದ ಬೇಕು, ಅದಕ್ಕಿಂತ ಕಡಿದಾದರೆ ಸಾಮಾನು ಏರಿಸಬಹುದು, ಮನುಷ್ಯ ಏರಲಾರ. ಅಳತೆ ಟೇಪು ನಾವೇ ತರುತ್ತೇವೆ, ರವಿವಾರವಾದರೂ ಬರುತ್ತೇವೆ. ಚಹಾ ಮಾತ್ರ ನಿಮ್ಮದು.

ಇಂತಿ,
ಉದ್ಯಮಬಾಗದ ಒಬ್ಬ ಇನ್‌ಸ್ಪೆಕ್ಷನ್ ಕೆಲಸಗಾರ
ಬೆಳಗಾವಿ